ಹಳೆ ಬಟ್ಟಲು ಮ್ಯಾಂಡೊಲಿನ್: ಖಾಲಿ ತಂತಿ ಶ್ರುತಿಯಲ್ಲಿದೆ, 12ನೇ ಫ್ರೆಟ್‌ನಲ್ಲಿ ಸ್ವರ ಏರುತ್ತಿದೆ

ಬಳ್ಳಾರಿ_ಎಂಟುತಂತಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿ ಕೌಲ್ ಬಜಾರ್ ಕಡೆಯವನು ನಾನು. ನಮ್ಮ ಸೋದರಮಾವ ಮದುವೆ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದ ಮ್ಯಾಂಡೊಲಿನ್ ಈಗ ನನ್ನ ಹತ್ರ ಇದೆ. ಬೆನ್ನು ಬಟ್ಟಲಿನ ಹಾಗೆ ಉಬ್ಬಿದೆ. ತೆಳು ಮರದ ಪಟ್ಟಿಗಳನ್ನು ಕೂಡಿಸಿ ಮಾಡಿದ್ದಾರೆ, ಎಣಿಸಿದರೆ 17 ಇವೆ. ಮಾವ ಹೋದ ಮೇಲೆ 15 ವರ್ಷ ತಗಡಿನ ಚಾವಣಿ ಕೆಳಗೆ ಅಟ್ಟದಲ್ಲೇ ಇತ್ತು.

ಒಂದು ರಿಪೇರಿ ಅಂಗಡಿಗೆ ಕೊಟ್ಟು ತಂತಿ ಬದಲಾಯಿಸಿದೆ. ಪ್ಯಾಕೆಟ್ ಮೇಲೆ 11-40 ಅಂತ ಇದೆ. ಜಿ-ಡಿ-ಎ-ಇ ನಾಲ್ಕೂ ಜೋಡಿ ತಂತಿಗಳು ಟ್ಯೂನರ್ ಆ್ಯಪ್‌ನಲ್ಲಿ ಸರಿಯಾಗಿ ಬರುತ್ತವೆ. ಆದರೆ ಕತ್ತಿನ ಅಡ್ಡಪಟ್ಟಿಗಳಲ್ಲಿ, ಅಂದರೆ ಫ್ರೆಟ್ ಮೇಲೆ, ಮೇಲಕ್ಕೆ ಹೋದಷ್ಟೂ ಬೇಸುರ. 12ನೇ ಫ್ರೆಟ್‌ನಲ್ಲಿ ಒತ್ತಿದರೆ ಎಲ್ಲ ತಂತಿಗಳೂ ಸುಮಾರು 30 ಸೆಂಟ್ ಏರುತ್ತವೆ (ಅರ್ಧ ಸ್ವರದ ನೂರನೇ ಒಂದು ಭಾಗ ಒಂದು ಸೆಂಟ್). ತಂತಿಗಳನ್ನು ಎತ್ತಿ ಹಿಡಿಯುವ ಬ್ರಿಡ್ಜ್ ಹಿಂದೆ ಮೇಲ್ಹಲಗೆ ಬಗ್ಗಿದಂತೆ ಕಾಣುತ್ತೆ. ಅಂಚಿನಲ್ಲಿ ಒಂದು ಸಣ್ಣ ಬಿರುಕೂ ಇದೆ. ಅಂಗಡಿಯವರು ಹಲಗೆ ಕುಸಿದಿದೆ, ಬಿಚ್ಚಿ ಸಪಾಟು ಮಾಡಿ ಹೊಸ ಪಾಲಿಶ್ ಹಾಕಬೇಕು ಅಂತಾರೆ. ಒಪ್ಪಬೇಕಾ? ಮಾವನ ಬೆರಳು ಸವೆಸಿದ ಗುರುತೆಲ್ಲ ಅಳಿಸಿಹೋಗುತ್ತೆ ಅಂತ ಭಯ.

ರಾಯಚೂರು_ಜೋಡಿತಂತಿ

ಒಪ್ಪಬೇಡಿ. ಮೊದಲು ಈ ಉತ್ತರ ಓದುವುದನ್ನು ಬಿಟ್ಟು ಎಂಟೂ ತಂತಿಗಳನ್ನು ಸಡಿಲ ಮಾಡಿ ಬನ್ನಿ. ಬಿಚ್ಚಬೇಡಿ, ಸಡಿಲ ಮಾಡಿದರೆ ಸಾಕು.

11-40 ಅಂದರೆ ಇಂಚಿನ ಸಾವಿರದ ಭಾಗದಲ್ಲಿ ಸೆಟ್‌ನ ತೀರ ತೆಳು ತಂತಿಯ ಮತ್ತು ತೀರ ದಪ್ಪ ತಂತಿಯ ದಪ್ಪ. ಅದು ಅಮೆರಿಕದ ಗಿಬ್ಸನ್ ಕಂಪನಿ ಮಾದರಿಯ ಮ್ಯಾಂಡೊಲಿನ್‌ಗೆ, ಅಂದರೆ ಹಲಗೆಯನ್ನು ಕೆತ್ತಿ ಗಟ್ಟಿಯಾಗಿ ಮಾಡಿದ್ದಕ್ಕೆ ಹಾಕುವ ತಂತಿ. ನಿಮ್ಮದು ಇಟಲಿಯ ನೇಪಲ್ಸ್ ಮಾದರಿ. ಹಲಗೆ ತುಂಬಾ ತೆಳು. ಇದಕ್ಕೆ 9ರಿಂದ ಶುರುವಾಗುವ ಅತಿ ಹಗುರ ಸೆಟ್ ಬೇಕು. ದಪ್ಪ ತಂತಿ ಹಾಕಿ ಎಳೆದರೆ ಹಲಗೆ ನಿಜವಾಗಿಯೂ ಕುಸಿಯುತ್ತೆ, ಕತ್ತೂ ಬಾಗುತ್ತೆ. ಇಂಥ ಹಳೆ ವಾದ್ಯಗಳ ಕತ್ತಿನೊಳಗೆ ತಿರುಗಿಸಿ ಸರಿಮಾಡುವ ಕಬ್ಬಿಣದ ಕಂಬಿ ಸಾಮಾನ್ಯವಾಗಿ ಇರಲ್ಲ. ಒಮ್ಮೆ ಬಾಗಿದರೆ ದೊಡ್ಡ ಕೆಲಸ.

ಇನ್ನು ಆ ಬಾಗು. ಅದು ಕುಸಿತ ಅಲ್ಲ! ಈ ಮಾದರಿಯಲ್ಲಿ ಬ್ರಿಡ್ಜ್‌ನ ಹಿಂದೆ ಹಲಗೆಯನ್ನು ಕಾಯಿಸಿ ಬೇಕಂತಲೇ ಬಗ್ಗಿಸಿರುತ್ತಾರೆ. ತಂತಿಗಳು ಬ್ರಿಡ್ಜ್ ದಾಟಿ ಕೆಳಗಿಳಿದು ಹಲಗೆಯನ್ನು ಒತ್ತಬೇಕಲ್ವಾ, ಅದಕ್ಕೆ. ನೋಡಬೇಕಾದ ಜಾಗವೇ ಬೇರೆ, ನಾದರಂಧ್ರಕ್ಕೂ ಬ್ರಿಡ್ಜ್‌ಗೂ ನಡುವೆ. ಅಲ್ಲಿ ಸ್ಟೀಲ್ ಸ್ಕೇಲ್ ಇಟ್ಟು ತಗ್ಗಿದೆಯಾ ನೋಡಿ.

ಆಮೇಲೆ ಬಿರಡೆಗಳ ಕಡೆ ತಂತಿ ಕೂರುವ ನಟ್‌ನಿಂದ 12ನೇ ಫ್ರೆಟ್‌ವರೆಗೆ, 12ರಿಂದ ಬ್ರಿಡ್ಜ್‌ವರೆಗೆ ಅಳೆದು ಹೇಳಿ. ಅಂಗಡಿಯವರು ಎಂಟೂ ತಂತಿಗಳನ್ನು ಒಟ್ಟಿಗೇ ಬಿಚ್ಚಿದ್ದರಾ?

ಬಳ್ಳಾರಿ_ಎಂಟುತಂತಿ

ಸಡಿಲ ಮಾಡಿದೆ ಅಣ್ಣಾ. ಹೌದು, ಒಟ್ಟಿಗೇ ಬಿಚ್ಚಿದ್ದರು. ನಟ್‌ನಿಂದ 12ಕ್ಕೆ 16.5 ಸೆಂ.ಮೀ., 12ರಿಂದ ಬ್ರಿಡ್ಜ್‌ಗೆ 15.9. ಸ್ಕೇಲ್ ಕೆಳಗೆ ಬೆಳಕು ನುಸುಳಲ್ಲ, ತಗ್ಗಿಲ್ಲ.

ರಾಯಚೂರು_ಜೋಡಿತಂತಿ

ಸಿಕ್ಕಿತು ನೋಡಿ. ಬ್ರಿಡ್ಜ್ ಅಂಟಿಸಿರಲ್ಲ, ತಂತಿಯ ಒತ್ತಡಕ್ಕೆ ನಿಂತಿರುತ್ತೆ. ಎಲ್ಲ ಬಿಚ್ಚಿದಾಗ ಬಿದ್ದಿದೆ, ಅವರು ಕಣ್ಣಂದಾಜಿನಲ್ಲಿ ಇಟ್ಟಿದ್ದಾರೆ. ಎರಡೂ ಅಳತೆ ಸಮ ಇರಬೇಕು, ಬ್ರಿಡ್ಜ್ ಕಡೆ ಒಂದೆರಡು ಮಿ.ಮೀ. ಜಾಸ್ತಿ. ಬೆರಳಿನಿಂದ ಒತ್ತಿದಾಗ ತಂತಿ ಸ್ವಲ್ಪ ಎಳೆದುಕೊಳ್ಳುತ್ತೆ, ಆ ಜಾಸ್ತಿ ಅದನ್ನು ಸರಿದೂಗಿಸುತ್ತೆ. ನಿಮ್ಮದರಲ್ಲಿ 6 ಮಿ.ಮೀ. ಕಡಿಮೆ. ಲೆಕ್ಕ ಹಾಕಿದರೆ ಅದೊಂದೇ 30 ಸೆಂಟ್ ಚಿಲ್ಲರೆ ಏರಿಸುತ್ತೆ.

ಹಗುರ ತಂತಿ ತರಿಸಿ, ಒಂದೊಂದೇ ಜೋಡಿ ಬದಲಾಯಿಸಿ. ಕುಣಿಕೆ ತುದಿಯ ಸೆಟ್ಟೇ ಕೇಳಿ. ಮ್ಯಾಂಡೊಲಿನ್ ಅಂದ ಕೂಡಲೇ ನಮ್ಮ ಕಡೆ ಎಲ್ಲರಿಗೂ ಯು. ಶ್ರೀನಿವಾಸ್ ನೆನಪಾಗುತ್ತಾರೆ. ಅವರದು ಐದು ಒಂಟಿ ತಂತಿಯ ಎಲೆಕ್ಟ್ರಿಕ್ ವಾದ್ಯ, ಅದರ ತಂತಿಯ ಲೆಕ್ಕ ಇಲ್ಲಿ ನಡೆಯಲ್ಲ. ಬ್ರಿಡ್ಜ್ ಸರಿಸುವಾಗ ತಂತಿ ಸ್ವಲ್ಪ ಸಡಿಲಿಸಿ, ಬುಡ ಹಿಡಿದು ಕೂದಲೆಳೆಯಷ್ಟೇ ಸರಿಸಿ. 12ನೇ ಫ್ರೆಟ್ ಮೇಲೆ ಬೆರಳು ಸುಮ್ನೆ ತಾಗಿಸಿ ಮೀಟಿದ ಸ್ವರ, ಒತ್ತಿ ಮೀಟಿದ ಸ್ವರ ಎರಡೂ ಒಂದೇ ಆದಾಗ ನಿಲ್ಲಿಸಿ.

ಕೊಪ್ಪಳದ_ಮರಗೆಲಸ

ಬಿರುಕಿನ ಬಗ್ಗೆ ನಾನು ಹೇಳುತ್ತೇನೆ. ನಮ್ಮ ಕಿನ್ನಾಳದಲ್ಲಿ ಗೊಂಬೆಗಳ ಕೀಲು ಕೂಡಿಸಲು ಹುಣಸೆಬೀಜದ ಅಂಟು ಕಲಸುತ್ತಾರೆ. ಅದನ್ನು ನೋಡುತ್ತಾ ಬೆಳೆದವನು, ನನಗೂ ಮೊದಲು ಅದೇ ಹೊಳೆಯಿತು. ಗೊಂಬೆಗೆ ಚೆನ್ನ, ತಂತಿಯ ಎಳೆತ ಹೊರುವ ಹಲಗೆಗೆ ಬೇಡ. ಆರಾಲ್ಡೈಟ್, ಫೆವಿಕಾಲ್ ಅಂತೂ ಮುಟ್ಟಲೇಬೇಡಿ. ಹಳೆ ವಾದ್ಯಗಳನ್ನು ಪ್ರಾಣಿಯ ಚರ್ಮದಿಂದ ಮಾಡಿದ ಬಿಸಿ ಅಂಟಿನಿಂದ ಕೂಡಿಸಿರುತ್ತಾರೆ. ಬಿಸಿ, ತೇವ ತಾಗಿಸಿದರೆ ಅದು ಬಿಡುತ್ತೆ, ಮುಂದೆ ಯಾರಾದರೂ ಬಿಚ್ಚಿ ಸರಿಮಾಡಬಹುದು. ಆರಾಲ್ಡೈಟ್ ಹಾಕಿದ ಜಾಗವನ್ನು ಬಿಚ್ಚಲು ಹೋದರೆ ಮರವೇ ಸಿಗಿಯುತ್ತೆ.

ಈಗ ಅಂಟೇ ಬೇಡ. ಮರ ಒಣಗಿದೆ ಅಷ್ಟೇ. ಬಳ್ಳಾರಿ ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುತ್ತೆ, ತಗಡಿನ ಕೆಳಗೆ ಇನ್ನೂ ಜಾಸ್ತಿ. ಸೋಪಿನ ಡಬ್ಬಿಗೆ ತೂತು ಮಾಡಿ, ಹಿಂಡಿದ ಸ್ಪಂಜ್ ಇಟ್ಟು, ಪೆಟ್ಟಿಗೆಯೊಳಗೆ ವಾದ್ಯಕ್ಕೆ ತಾಗದಂತೆ ಇಡಿ. ಜೊತೆಗೆ ಒಂದು ತೇವಾಂಶ ಮಾಪಕ. ಶೇ. 45ರಿಂದ 55ರ ನಡುವೆ ಮೂರು ವಾರ ಇರಲಿ. ಅವಸರ ಮಾಡಿ ಒದ್ದೆ ಬಟ್ಟೆ ಸುತ್ತಬೇಡಿ, ಪಟ್ಟಿಗಳ ಸಂದು ಬಿಡುತ್ತೆ.

ಹೊಸ ಪಾಲಿಶ್ ಬೇಡವೇ ಬೇಡ. ನಾನು ಹಳೆ ವಾದ್ಯ ಕೈಗೆ ಬಂದರೆ ಮೊದಲು ನೋಡುವುದೇ ಆ ಸವೆದ ಬಣ್ಣ. ಅದನ್ನು ಉಜ್ಜಿ ತೆಗೆದ ವಾದ್ಯ ಕಂಡರೆ ಹೊಟ್ಟೆ ಉರಿಯುತ್ತೆ. ಅಂದ ಹಾಗೆ, ಒಳಗೆ ತಯಾರಕರ ಚೀಟಿ ಇದೆಯಾ?

ಬಳ್ಳಾರಿ_ಎಂಟುತಂತಿ

ನಾಲ್ಕು ವಾರದ ನಂತರ ಬರೆಯುತ್ತಿದ್ದೇನೆ. ಬಿರುಕು ಹತ್ತಿರ ಬಂದಿದೆ, ಉಗುರು ಸಿಗಲ್ಲ. ಹಗುರ ತಂತಿ ಹಾಕಿದೆ, ಬ್ರಿಡ್ಜ್ ಈಗ 12ನೇ ಫ್ರೆಟ್‌ನಿಂದ 16.6 ಸೆಂ.ಮೀ. ದೂರದಲ್ಲಿದೆ. ಇ ತಂತಿ ಪಕ್ಕಾ, ಜಿ ಮಾತ್ರ 4 ಸೆಂಟ್ ಮೇಲೆ. ಮಾವ ನುಡಿಸುತ್ತಿದ್ದ ಹಾಗೆ ಎರಡು ತಂತಿ ಸೇರಿಸಿ ನಡುಗಿಸಿದೆ. ಅಮ್ಮ ಅಡುಗೆಮನೆಯಿಂದ ಎದ್ದು ಬಂದು ಕೂತರು.

ಚೀಟಿ ಹರಿದಿದೆ, ‘ನಾಪೋಲಿ’ (ನೇಪಲ್ಸ್‌ನ ಇಟಾಲಿಯನ್ ಹೆಸರು) ಅನ್ನುವಷ್ಟೇ ಓದಲು ಬರುತ್ತೆ. ಒಂದು ಬಿರಡೆ ಮಾತ್ರ ಬಿಗಿ, ಕಿರ್ ಅನ್ನುತ್ತೆ.

ಕೊಪ್ಪಳದ_ಮರಗೆಲಸ

ಚೀಟಿ ಒಂದನ್ನೇ ನಂಬಿ ಬೆಲೆ ಕಟ್ಟಬೇಡಿ, ಆದರೆ ಹಾಗೇ ಇರಲಿ, ಕೀಳಬೇಡಿ. ಫೋಟೋ ತೆಗೆದಿಡಿ.

ರಾಯಚೂರು_ಜೋಡಿತಂತಿ

4 ಸೆಂಟ್ ಬಿಡಿ. ಬೇಕಾದರೆ ಬ್ರಿಡ್ಜ್‌ನ ಜಿ ಕಡೆಯ ತುದಿಯನ್ನು ಕೂದಲೆಳೆಯಷ್ಟು ಹಿಂದಕ್ಕೆ ಓರೆ ಮಾಡಿ. ಬಿರಡೆಯ ಹಲ್ಲಿಗೆ ಸೂಜಿ ತುದಿಯಲ್ಲಿ ಒಂದೇ ಹನಿ ಹೊಲಿಗೆ ಮಿಷನ್ ಎಣ್ಣೆ. ಮರಕ್ಕೆ ತಾಗದಂತೆ ಕೆಳಗೆ ಕಾಗದ ಹಿಡಿಯಿರಿ. ಅಮ್ಮನಿಗೆ ನಮಸ್ಕಾರ ತಿಳಿಸಿ.