ರನ್‌ವೇ ಗೆರೆ, ಟ್ಯಾಕ್ಸಿವೇ ಗೆರೆ: ನೀವು ಹೇಗೆ ಕಲಿತಿರಿ?

ಪ್ರಶ್ನೆ – ಗಂಗಾವತಿಯಿಂದ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ದಿನದಲ್ಲೇ ಫ್ಲೈಯಿಂಗ್ ಟ್ರೇನಿಂಗ್‌ಗೆ ಸೇರುತ್ತಿದ್ದೇನೆ. ಈಗ ಡಿಜಿಸಿಎ (ವಿಮಾನಯಾನ ನಿಯಂತ್ರಣ ಸಂಸ್ಥೆ) ನಡೆಸುವ ಏರ್ ರೆಗ್ಯುಲೇಷನ್ ಪೇಪರ್‌ಗೆ ಓದುತ್ತಿದ್ದೇನೆ. ವಿಮಾನ ನಿಲ್ದಾಣದ ನೆಲದ ಮೇಲಿನ ಗೆರೆಗಳು, ಬದಿಯ ಬೋರ್ಡುಗಳು ಎಲ್ಲಾ ತಲೆಯಲ್ಲಿ ಕಲಸಿಹೋಗಿವೆ. ಬಾಯಿಪಾಠ ಮಾಡಿದರೆ ಎರಡು ದಿನಕ್ಕೆ ಮರೆತುಹೋಗುತ್ತದೆ. ನಮ್ಮ ಮನೆಯಲ್ಲಿ ಈ ಕೆಲಸದವರು ಯಾರೂ ಇಲ್ಲ. ವಿಮಾನವನ್ನು ಹತ್ತಿರದಿಂದ ನೋಡಿದ್ದು ತೋರಣಗಲ್ಲಿನಲ್ಲಿ ಮಾತ್ರ. ಮೊದಲ ದಿನವೇ ಗೊತ್ತಿರಬೇಕಾದದ್ದು ಯಾವುದು? ಅನುಭವ ಇರುವ ಅಣ್ಣ, ಅಕ್ಕಂದಿರು ಈ ತಂಗಿಗೆ ಹೇಳಿಕೊಡಿ.

ಉತ್ತರ – ಫ್ಲೈಯಿಂಗ್ ಇನ್‌ಸ್ಟ್ರಕ್ಟರ್, ಊರು ರಾಯಚೂರು

ತಂಗಿ, ಮೊದಲು ಬಾಯಿಪಾಠ ಬಿಡಿ. ಪುಸ್ತಕದಲ್ಲಿ ಈ ಗೆರೆಗಳನ್ನು ಆಕಾಶದಿಂದ ನೋಡಿದ ಹಾಗೆ ಬರೆದಿರುತ್ತಾರೆ. ನೀವು ನೋಡುವುದು ಕಾಕ್‌ಪಿಟ್‌ನಲ್ಲಿ ಕೂತು. ಅದೇ ಗೆರೆ ಈ ಕಡೆಯಿಂದ ಬಂದವರಿಗೆ ‘ನಿಲ್ಲು’ ಅನ್ನುತ್ತದೆ, ಆ ಕಡೆಯಿಂದ ಬಂದವರಿಗೆ ‘ನಿಲ್ಲದೆ ದಾಟು’ ಅನ್ನುತ್ತದೆ. ಹಾಗಾಗಿ ಯಾವ ಗುರುತು ಕಂಡರೂ ಮೊದಲು ಕೇಳಿಕೊಳ್ಳಬೇಕಾದದ್ದು: ನಾನು ಇದರ ಯಾವ ಕಡೆ ಇದ್ದೇನೆ?

ಬಣ್ಣ ಸುಲಭ. ರನ್‌ವೇ ಮೇಲಿನ ಗೆರೆ, ಅಂಕಿ ಬಿಳಿ. ಟ್ಯಾಕ್ಸಿವೇ, ಅಂದರೆ ವಿಮಾನ ನಿಲ್ಲುವ ಜಾಗದಿಂದ ರನ್‌ವೇಗೆ ಹೋಗಿ ಬರುವ ದಾರಿ, ಅದರ ಮೇಲಿನವು ಹಳದಿ. ಟ್ಯಾಕ್ಸಿವೇ ನಡುವೆ ಉದ್ದಕ್ಕೆ ಒಂದೇ ಹಳದಿ ಗೆರೆ ಹೋಗುತ್ತದೆ, ಕನಿಷ್ಠ 15 ಸೆಂಟಿಮೀಟರ್ ಅಗಲ. ಮೂಗಿನ ಚಕ್ರ ಅದರ ಮೇಲೆ ಇಟ್ಟುಕೊಂಡು ಹೋಗುವುದು. ಅಂಚಿನಲ್ಲಿ ಜೋಡಿ ಹಳದಿ ಗೆರೆ ಕಂಡರೆ ಅದರಾಚೆ ನೆಲ ವಿಮಾನದ ಭಾರ ತಡೆಯುವಂಥದ್ದಲ್ಲ. ನೋಡಲು ಗಟ್ಟಿ ಡಾಂಬರಿನ ಹಾಗೇ ಇರಬಹುದು, ಆದರೂ ಅತ್ತ ಹೋಗಬಾರದು.

ಮೊದಲ ದಿನ ಒಂದೇ ಒಂದು ಗುರುತು ಕಲಿಯಿರಿ ಅಂದರೆ ನಾನು ಹೇಳುವುದು ಹೋಲ್ಡ್ ಲೈನ್. ಟ್ಯಾಕ್ಸಿವೇ ರನ್‌ವೇಗೆ ಸೇರುವ ಮುಂಚೆ ಅಡ್ಡಕ್ಕೆ ನಾಲ್ಕು ಹಳದಿ ಗೆರೆ ಇರುತ್ತವೆ. ಎರಡು ಅಖಂಡ, ಎರಡು ತುಂಡು ತುಂಡು. ಅಖಂಡ ಗೆರೆ ಟ್ಯಾಕ್ಸಿವೇ ಕಡೆ, ತುಂಡು ಗೆರೆ ರನ್‌ವೇ ಕಡೆ. ಎರಡೂ ದಿಕ್ಕಿಗೆ ಗಾಡಿ ಓಡುವ ರಸ್ತೆಯ ನಡುವೆ ಜೋಡಿ ಗೆರೆ ನೋಡಿರುತ್ತೀರಿ ಅಲ್ವಾ? ನಿಮ್ಮ ಕಡೆ ಅಖಂಡ ಇದ್ದರೆ ದಾಟಬಾರದು, ತುಂಡು ಇದ್ದರೆ ದಾಟಬಹುದು. ಇಲ್ಲೂ ಅದೇ ಲೆಕ್ಕ. ಹೊರಡುವಾಗ ಮೊದಲು ಸಿಗುವುದು ಅಖಂಡ ಗೆರೆ: ಟವರ್ (ನಿಲ್ದಾಣದ ಸಂಚಾರ ನಿಯಂತ್ರಿಸುವವರು) ರನ್‌ವೇಗೆ ಬರಲು ಬಾಯಿಬಿಟ್ಟು ಹೇಳುವ ತನಕ ಅಲ್ಲೇ ನಿಲ್ಲಬೇಕು. ಇಳಿದು ಹೊರಬರುವಾಗ ಮೊದಲು ಸಿಗುವುದು ತುಂಡು ಗೆರೆ: ನಿಲ್ಲದೆ ದಾಟಿ, ಬಾಲದ ತುದಿಯೂ ಆಚೆ ಬಂದ ಮೇಲೆಯೇ ‘ರನ್‌ವೇ ವೆಕೇಟೆಡ್’ ಅನ್ನಬೇಕು. ಮೂಗು ಮಾತ್ರ ಆಚೆ, ಬಾಲ ಇನ್ನೂ ಈಚೆ ಇದ್ದರೆ ನೀವು ರನ್‌ವೇ ಬಿಟ್ಟ ಹಾಗಲ್ಲ. ಹಿಂದೆ ಇನ್ನೊಂದು ವಿಮಾನ ಇಳಿಯುತ್ತಿರಬಹುದು.

ದೊಡ್ಡ ನಿಲ್ದಾಣಗಳಲ್ಲಿ ಏಣಿಯಂಥ ಇನ್ನೊಂದು ಅಡ್ಡ ಗುರುತು ರನ್‌ವೇಯಿಂದ ಇನ್ನೂ ದೂರಕ್ಕೆ ಇರುತ್ತದೆ. ಮಂಜಿನಲ್ಲಿ ಐಎಲ್‌ಎಸ್ (ಇಳಿಯಲು ದಾರಿ ತೋರುವ ರೇಡಿಯೋ ವ್ಯವಸ್ಥೆ) ಸಿಗ್ನಲ್ ಹಿಡಿದು ಇಳಿಯುವವರಿಗೆ ನಿಮ್ಮ ವಿಮಾನದಿಂದ ಸಿಗ್ನಲ್ ಕೆಡಬಾರದು ಅಂತ ಅಲ್ಲಿ ನಿಲ್ಲಿಸುತ್ತಾರೆ. ಒಂದೇ ಒಂದು ತುಂಡು ಹಳದಿ ಗೆರೆ ಅಡ್ಡಕ್ಕೆ ಇದ್ದರೆ ಅದು ಎರಡು ಟ್ಯಾಕ್ಸಿವೇ ಕೂಡುವ ಕಡೆ ನಿಲ್ಲುವ ಜಾಗ, ರನ್‌ವೇಗೆ ಸಂಬಂಧವಿಲ್ಲ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, 2001ರ ಅಕ್ಟೋಬರ್ 8ರಂದು ಇಟಲಿಯ ಮಿಲಾನ್ ಲಿನಾಟೆ ನಿಲ್ದಾಣದಲ್ಲಿ ನಡೆದದ್ದನ್ನು ಪ್ರತಿ ಬ್ಯಾಚಿಗೂ ಬಿಡಿಸಿ ಹೇಳುತ್ತೇನೆ. ದಟ್ಟ ಮಂಜು. ಒಂದು ಸಣ್ಣ ಸೆಸ್ನಾ ಸೈಟೇಷನ್ ಜೆಟ್‌ಗೆ ಆರ್5 ಟ್ಯಾಕ್ಸಿವೇ ಹಿಡಿಯಲು ಹೇಳಿದರು. ಅದು ಆರ್6 ಹಿಡಿಯಿತು. ನಡುವೆ ಪೈಲಟ್‌ಗಳು ‘ಎಸ್4 ಹತ್ತಿರ ಬರುತ್ತಿದ್ದೇವೆ’ ಅಂತ ರೇಡಿಯೋದಲ್ಲಿ ಹೇಳಿದರು. ಎಸ್4 ಅನ್ನುವ ಗುರುತು ನೆಲದ ಮೇಲೆ ಇತ್ತು, ಚಾರ್ಟ್‌ನಲ್ಲಿ ಇರಲಿಲ್ಲ. ಕಂಟ್ರೋಲರ್‌ಗೆ ಅದು ಎಲ್ಲಿ ಅಂತ ಗೊತ್ತಾಗಲಿಲ್ಲ, ಮುಂದೆ ಹೋಗಲು ಬಿಟ್ಟರು. ನೆಲದ ರಾಡಾರ್ ಕೂಡ ಇರಲಿಲ್ಲ. ಜೆಟ್ ಹೋಲ್ಡ್ ಗುರುತು ದಾಟಿ ರನ್‌ವೇಗೆ ಬಂತು. ಅದೇ ಹೊತ್ತಿಗೆ ಒಂದು ಎಂಡಿ-87 ಪ್ರಯಾಣಿಕರ ವಿಮಾನ ಟೇಕ್‌ಆಫ್ ಓಟದಲ್ಲಿತ್ತು, ಎರಡೂ ಡಿಕ್ಕಿಯಾದವು. 118 ಜನ ಸತ್ತರು. ನೆಲದ ಬಣ್ಣ, ಕೈಯಲ್ಲಿರುವ ಚಾರ್ಟ್, ಟವರ್‌ನ ಮಾತು ಈ ಮೂರೂ ಒಂದಕ್ಕೊಂದು ಹೊಂದಬೇಕು. ಒಂದು ಹೊಂದದಿದ್ದರೂ ನಿಂತು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡವೇ ಬೇಡ.

ಉತ್ತರ – ಸಂಡೂರಿನಿಂದ, ಹಿಂದೆ ಏರ್‌ಸೈಡ್ ವಾಹನ ಓಡಿಸುತ್ತಿದ್ದವರು

ನಾನು ಪೈಲಟ್ ಅಲ್ಲಮ್ಮ. ಒಂದು ದೊಡ್ಡ ನಿಲ್ದಾಣದ ಒಳಗೆ ಬಹಳ ವರ್ಷ ಗಾಡಿ ಓಡಿಸಿದ್ದೇನೆ. ನಮಗೂ ಅದೇ ಹೋಲ್ಡ್ ಲೈನ್, ಅದೇ ಬೋರ್ಡು. ಸರ್ ಗೆರೆ ಬಗ್ಗೆ ಹೇಳಿದ್ದಾರೆ, ನಾನು ಬೋರ್ಡು ಹೇಳುತ್ತೇನೆ.

ಕೆಂಪು ಹಲಗೆ, ಬಿಳಿ ಅಕ್ಷರ: ಅಪ್ಪಣೆ ಇಲ್ಲದೆ ಮುಂದೆ ಹೋಗುವಂತಿಲ್ಲ. ರನ್‌ವೇ ನಂಬರ್ ಇರುವುದು ಇದರಲ್ಲೇ. ಕಪ್ಪು ಹಲಗೆ, ಹಳದಿ ಅಕ್ಷರ: ನೀವು ಈಗ ಇರುವ ಟ್ಯಾಕ್ಸಿವೇ. ಹಳದಿ ಹಲಗೆ, ಕಪ್ಪು ಅಕ್ಷರ, ಬಾಣ: ಆ ಕಡೆ ತಿರುಗಿದರೆ ಸಿಗುವ ಟ್ಯಾಕ್ಸಿವೇ. ಟ್ಯಾಕ್ಸಿವೇಗೆ ಐ, ಒ, ಎಕ್ಸ್ ಅಕ್ಷರ ಇಡುವುದಿಲ್ಲ. ಐ ಮತ್ತು ಒ ಅಂಕಿಯ ಹಾಗೆ ಕಾಣುತ್ತವೆ, ಎಕ್ಸ್ ಅಂದರೆ ಮುಚ್ಚಿದ ಗುರುತು. ಬೋರ್ಡು ನೆಡಲು ಜಾಗ ಇಲ್ಲದ ಕಡೆ ಇದೇ ಬಣ್ಣದಲ್ಲಿ ನೆಲದ ಮೇಲೆಯೇ ಬರೆದಿರುತ್ತಾರೆ. ಡಾಂಬರಿನ ಮೇಲೆ ಕೆಂಪು ಚೌಕ ಕಂಡರೆ ಅದನ್ನು ಬೋರ್ಡಿನಷ್ಟೇ ಗಟ್ಟಿಯಾಗಿ ನಂಬಿ.

ಇನ್ನೊಂದು ಮಾತು ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ಅದಿರಿನ ಕೆಂಪು ದೂಳು ಕೂತ ಮೇಲೆ ರಸ್ತೆಯ ಬಿಳಿ ಗೆರೆ ಏನಾಗುತ್ತದೆ ಅಂತ ನೋಡಿದ್ದೀರಲ್ಲ. ನಿಲ್ದಾಣದಲ್ಲೂ ಬಣ್ಣ ಸವೆಯುತ್ತದೆ. ಟೈರಿನ ರಬ್ಬರ್ ಮೆತ್ತಿಕೊಳ್ಳುತ್ತದೆ. ರಾತ್ರಿ ಮಳೆ ಬಂದರೆ ನೀರಿನ ಹೊಳಪಿನಲ್ಲಿ ಗೆರೆ ಕಾಣುವುದೇ ಕಷ್ಟ. ಬಣ್ಣದಲ್ಲಿ ಸಣ್ಣ ಗಾಜಿನ ಮಣಿ ಬೆರೆಸುವುದು, ತಿಳಿ ಬಣ್ಣದ ಕಾಂಕ್ರೀಟ್ ಮೇಲೆ ಹಳದಿ ಗೆರೆಗೆ ಕಪ್ಪು ಅಂಚು ಕೊಡುವುದು ಇದಕ್ಕಾಗಿಯೇ. ಆದರೂ ರಾತ್ರಿ ನನ್ನ ಕಣ್ಣು ದೀಪದ ಮೇಲೆ ಜಾಸ್ತಿ ಇರುತ್ತಿತ್ತು. ಟ್ಯಾಕ್ಸಿವೇ ಅಂಚು ನೀಲಿ, ನಡುಗೆರೆ ಹಸಿರು, ರನ್‌ವೇ ಅಂಚು ಬಿಳಿ. ರನ್‌ವೇ ಹತ್ತಿರ ಬಂದಾಗ ಬದಿಯಲ್ಲಿ ಜೋಡಿ ಹಳದಿ ದೀಪ ಒಂದಾದ ಮೇಲೊಂದು ಮಿಣುಕುತ್ತವೆ. ಅಡ್ಡಕ್ಕೆ ಸಾಲಾಗಿ ಕೆಂಪು ದೀಪ ಉರಿಯುತ್ತಿದ್ದರೆ ಅದು ಸ್ಟಾಪ್ ಬಾರ್. ಬಾಯಿಮಾತಿನಲ್ಲಿ ಕ್ಲಿಯರೆನ್ಸ್ ಸಿಕ್ಕಿದ್ದರೂ ಉರಿಯುವ ಕೆಂಪು ದಾಟಬಾರದು. ಮತ್ತೆ ಕೇಳಬೇಕು.

ಮತ್ತೆ ಪ್ರಶ್ನೆ – ಗಂಗಾವತಿಯಿಂದ

ತುಂಬಾ ಉಪಕಾರವಾಯಿತು ಸರ್, ಕಾಕಾ. ಹೋಲ್ಡ್ ಲೈನ್ ಈಗ ಸ್ಪಷ್ಟವಾಯಿತು. ರನ್‌ವೇ ತುದಿಯ ಬಾಣಗಳು ಮತ್ತು ಹಳದಿ ವಿ ಗುರುತು ಇನ್ನೂ ಗೊಂದಲ. ರನ್‌ವೇ ನಂಬರ್ ಬಗ್ಗೆಯೂ ಸ್ವಲ್ಪ ಹೇಳುತ್ತೀರಾ?

ಉತ್ತರ – ಸಿಂಧನೂರಿನ ಟ್ರೇನಿ ಪೈಲಟ್

ನಾನೂ ಇದೇ ಪೇಪರ್ ಬರೆದು ಬಂದವನು. ನನಗೆ ಕೆಲಸಕ್ಕೆ ಬಂದದ್ದು ಸೀಮೆಸುಣ್ಣ. ಏರ್‌ಪೋರ್ಟ್ಸ್ ಅಥಾರಿಟಿಯವರ ಇ-ಎಐಪಿ ಅನ್ನುವ ಆನ್‌ಲೈನ್ ಮಾಹಿತಿ ಪುಸ್ತಕದಲ್ಲಿ ನಿಲ್ದಾಣಗಳ ಚಾರ್ಟ್ ಸಿಗುತ್ತದೆ. ಒಂದನ್ನು ನೋಡಿ ಮಾಳಿಗೆ ಮೇಲೆ ದೊಡ್ಡದಾಗಿ ಬರೆದೆ. ತಮ್ಮ ಟವರ್. ಅವನು ದಾರಿ ಹೇಳುವುದು, ನಾನು ತಿರುಗಿ ಹೇಳಿ ಆಮೇಲೆ ನಡೆಯುವುದು. ಅಖಂಡ ಗೆರೆ ಬಂದಾಗ ಕಾಲು ತಾನಾಗಿ ನಿಲ್ಲುವ ತನಕ ನಡೆದೆ. ಬರೀ ಕೂತು ಓದಿದ್ದರೆ ಇದು ಬರುತ್ತಿರಲಿಲ್ಲ.

ನಂಬರ್ ಅಂದರೆ ದಿಕ್ಕು. ಮ್ಯಾಗ್ನೆಟಿಕ್ ಡಿಗ್ರಿಯನ್ನು ಹತ್ತರ ಹತ್ತಿರಕ್ಕೆ ತಂದು ಕೊನೆಯ ಸೊನ್ನೆ ಬಿಡುತ್ತಾರೆ. ಜಕ್ಕೂರಿನ ರನ್‌ವೇ 08/26. ಪೂರ್ವದ ಕಡೆ ಮುಖ ಮಾಡಿದರೆ ಸುಮಾರು 80 ಡಿಗ್ರಿ, ಹಿಂತಿರುಗಿದರೆ 260. ಎರಡು ತುದಿಗೂ ಯಾವಾಗಲೂ 18ರ ವ್ಯತ್ಯಾಸ. ತುದಿಯಲ್ಲಿ ಉದ್ದುದ್ದ ಬಿಳಿ ಪಟ್ಟೆ ಇರುತ್ತವಲ್ಲ, ಅವುಗಳ ಎಣಿಕೆ ರನ್‌ವೇ ಅಗಲ ಹೇಳುತ್ತದೆ: 30 ಮೀಟರ್‌ಗೆ 8, 45 ಮೀಟರ್‌ಗೆ 12. ಪರೀಕ್ಷೆಗೆ ಇದು ಬೇಕು.

ಬಿಳಿ ಬಾಣ ಸಾಲಾಗಿ ಇದ್ದರೆ ಥ್ರೆಶೋಲ್ಡ್ (ಇಳಿಯುವ ಭಾಗ ಶುರುವಾಗುವ ಜಾಗ) ಮುಂದಕ್ಕೆ ಸರಿಸಿದ್ದಾರೆ ಅಂತ. ಅಲ್ಲಿ ಟ್ಯಾಕ್ಸಿ ಮಾಡಬಹುದು, ಟೇಕ್‌ಆಫ್ ಓಟ ಶುರು ಮಾಡಬಹುದು, ಇಳಿಯುವಾಗ ಮಾತ್ರ ಅಲ್ಲಿ ಚಕ್ರ ತಾಗಿಸಬಾರದು. ಹಳದಿ ವಿ ಗುರುತಿನ ಜಾಗದಲ್ಲಿ ಟ್ಯಾಕ್ಸಿ, ಟೇಕ್‌ಆಫ್, ಲ್ಯಾಂಡಿಂಗ್ ಯಾವುದೂ ಇಲ್ಲ. ದೊಡ್ಡ ಅಡ್ಡ ಗುಣಿಸು ಗುರುತು ಇದ್ದರೆ ಮುಚ್ಚಿದೆ: ರನ್‌ವೇ ಮೇಲೆ ಬಿಳಿ, ಟ್ಯಾಕ್ಸಿವೇ ಮೇಲೆ ಹಳದಿ.

ಉತ್ತರ – ರಾಯಚೂರಿನ ಇನ್‌ಸ್ಟ್ರಕ್ಟರ್ ಮತ್ತೆ

ಸೀಮೆಸುಣ್ಣದ ಉಪಾಯ ನನಗೆ ಬಹಳ ಹಿಡಿಸಿತು. ನಂಬರ್ ವಿಷಯಕ್ಕೆ ಒಂದು ಸೇರಿಸುತ್ತೇನೆ. ರನ್‌ವೇಯಲ್ಲಿ ನೇರ ನಿಂತ ಮೇಲೆ ನೆಲದ ಅಂಕಿಯನ್ನೂ ನಿಮ್ಮ ದಿಕ್ಸೂಚಿಯನ್ನೂ ಒಟ್ಟಿಗೆ ನೋಡಿ, ಆಮೇಲೆ ಥ್ರಾಟಲ್. 2006ರ ಆಗಸ್ಟ್ 27ರಂದು ಅಮೆರಿಕದ ಲೆಕ್ಸಿಂಗ್ಟನ್‌ನಲ್ಲಿ, ಇನ್ನೂ ಬೆಳಕಾಗುವ ಮುಂಚೆ, ರನ್‌ವೇ 22ರಿಂದ ಹೊರಡಬೇಕಿದ್ದ ವಿಮಾನ 26ರಿಂದ ಓಡಿತು. 26ರ ಉದ್ದ 22ರ ಅರ್ಧದಷ್ಟು. 49 ಜನ ಹೋದರು. ದಿಕ್ಸೂಚಿಯಲ್ಲಿ 40 ಡಿಗ್ರಿ ವ್ಯತ್ಯಾಸ ಕಣ್ಣೆದುರೇ ಇರುತ್ತದೆ, ನೋಡಬೇಕು ಅಷ್ಟೇ.

ಸಣ್ಣ ನಿಲ್ದಾಣಗಳಲ್ಲಿ ಪಕ್ಕದಲ್ಲಿ ಟ್ಯಾಕ್ಸಿವೇ ಇಲ್ಲದಿದ್ದರೆ ರನ್‌ವೇ ಮೇಲೆಯೇ ತುದಿಗೆ ಹೋಗಿ ತಿರುಗಬೇಕಾಗುತ್ತದೆ. ಇದನ್ನು ಬ್ಯಾಕ್‌ಟ್ರ್ಯಾಕ್ ಅನ್ನುತ್ತೇವೆ. ಇದಕ್ಕೂ ಬೇರೆ ಅಪ್ಪಣೆ ಬೇಕು. ತುದಿಯ ಅಗಲ ಜಾಗದಲ್ಲಿ ಬಳುಕಿದ ಹಳದಿ ಗೆರೆ ಇದ್ದರೆ ಅದನ್ನೇ ಹಿಡಿದು ತಿರುಗಿ. ನಮ್ಮ ಯರಮರಸ್‌ನಲ್ಲಿ ನಿಲ್ದಾಣ ಶುರುವಾದಾಗ ನಿಮ್ಮಂಥವರು ಅಲ್ಲಿಗೆ ವಿಮಾನ ತರುವುದನ್ನು ನೋಡುವ ಆಸೆ ನನಗಿದೆ.

ಮತ್ತೆ ಪ್ರಶ್ನೆ – ಗಂಗಾವತಿಯಿಂದ

ಖಂಡಿತ ತರುತ್ತೇನೆ ಸರ್. ಕೊನೆಯದಾಗಿ ಒಂದು. ನಿಜವಾಗಿಯೂ ದಾರಿ ತಪ್ಪಿದರೆ, ಎಲ್ಲಿದ್ದೇನೆ ಅಂತಲೇ ಗೊತ್ತಾಗದಿದ್ದರೆ?

ಉತ್ತರ – ರಾಯಚೂರಿನ ಇನ್‌ಸ್ಟ್ರಕ್ಟರ್

ಟ್ಯಾಕ್ಸಿವೇಯಲ್ಲಿ ಇದ್ದರೆ ಇದ್ದಲ್ಲೇ ನಿಲ್ಲಿ, ಆಗಲೇ ಟವರ್‌ಗೆ ಹೇಳಿ. ಕೊನೆಗೆ ಕಂಡ ಬೋರ್ಡಿನ ಅಕ್ಷರವನ್ನೂ ಹೇಳಿ. ನೀವೇ ತಿರುಗಿಸಿಕೊಂಡು ಹೋಗಬೇಡಿ. ರನ್‌ವೇ ಮೇಲೆ ಇರಬಹುದು ಅನ್ನಿಸಿದರೆ ಮಾತ್ರ ನಿಯಮ ಬೇರೆ: ತಕ್ಷಣ ಟವರ್‌ಗೆ ಹೇಳಿ, ಹತ್ತಿರ ಟ್ಯಾಕ್ಸಿವೇ ಕಂಡರೆ, ಟವರ್ ಬೇರೆ ಹೇಳದಿದ್ದರೆ, ಆದಷ್ಟು ಬೇಗ ಅದರೊಳಗೆ ಹೊರಬನ್ನಿ. ಹೋಲ್ಡ್ ಲೈನ್ ಪೂರ್ತಿ ದಾಟಿ, ಆಮೇಲೆ ನಿಲ್ಲಿ.