ಸಹಾಯ ಬೇಕು: ಟ್ರಾಮ್ಸೊ – ಲಾಂಗ್‌ಇಯರ್‌ಬೀನ್ ವಿಮಾನದ ಲೆಕ್ಕ

ಎಲ್ಲರಿಗೂ ನಮಸ್ಕಾರ. ಮಾರ್ಚ್‌ನಲ್ಲಿ ನಾನು, ನಮ್ಮ ಮನೆಯವರು ನಾರ್ವೆಯ ಟ್ರಾಮ್ಸೊದಿಂದ, ಉತ್ತರ ಧ್ರುವದ ಕಡೆ ಇರುವ ನಾರ್ವೆಯದೇ ದ್ವೀಪಗಳಾದ ಸ್ವಾಲ್ಬಾರ್ಡ್‌ನ ಲಾಂಗ್‌ಇಯರ್‌ಬೀನ್‌ಗೆ ಹೋಗಬೇಕು ಅಂತಿದ್ದೇವೆ. ದೂರದ ಲೆಕ್ಕದಲ್ಲೇ ತಲೆ ಕೆಟ್ಟಿದೆ.

ಗೋಡೆಯ ನಕ್ಷೆಯ ಮೇಲೆ ಮಗಳ ಸ್ಕೇಲ್ ಇಟ್ಟು ಅಳೆದೆ. ಕಾಶ್ಮೀರದಿಂದ ಕನ್ಯಾಕುಮಾರಿಯಷ್ಟು ಉದ್ದ ಬಂತು! ಗಾಬರಿಯಾಯ್ತು. ಆಮೇಲೆ ಅಕ್ಷಾಂಶ ಹಿಡಿದು ನೋಡಿದೆ. ಒಂದು ಊರು 69.7 ಡಿಗ್ರಿ, ಇನ್ನೊಂದು 78.2. ಡಿಗ್ರಿಗೆ 111 ಕಿ.ಮೀ. ಅಂದರೆ ಸುಮಾರು 950. ಧ್ರುವದ ಕಡೆ ಹೋದಷ್ಟೂ ಈ ನಕ್ಷೆ ಎಳೆದು ತೋರಿಸುತ್ತದೆ ಅಂತ ಆಗ ನೆನಪಾಯ್ತು, ಶಾಲೆಯಲ್ಲಿ ಓದಿದ್ದೇ. ಸರಿ, ದೂರ ಬಗೆಹರಿಯಿತು.

ಈಗ ಸಮಯ. ಗಂಟೆಗೆ 800 ಕಿ.ಮೀ. ಅಂದುಕೊಂಡರೆ 1 ಗಂಟೆ 12 ನಿಮಿಷ ಸಾಕು. ಟಿಕೆಟ್‌ನಲ್ಲಿ ಸುಮಾರು 1 ಗಂಟೆ 40 ನಿಮಿಷ ಇದೆ. ಎರಡೂ ಕಡೆ ಗಡಿಯಾರ ಒಂದೇ, ಹಾಗಾಗಿ ಅದರ ಗೊಂದಲವೂ ಅಲ್ಲ.

ನನಗೆ ಇದು ಯಾಕೆ ಮುಖ್ಯ ಅಂದರೆ, ವಾಪಸ್ ಬರುವಾಗ ಟ್ರಾಮ್ಸೊದಲ್ಲಿ ಓಸ್ಲೋ ವಿಮಾನಕ್ಕೆ 1 ಗಂಟೆ 15 ನಿಮಿಷ ಅಷ್ಟೇ ಇದೆ. ಟಿಕೆಟ್ ಬೇರೆ ಬೇರೆ. ಸ್ವಾಲ್ಬಾರ್ಡ್ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಹೊರಗೆ, ಪಾಸ್‌ಪೋರ್ಟ್ ತೋರಿಸಲೇಬೇಕು. ಬ್ಯಾಗೂ ತಗೊಂಡು ಮತ್ತೆ ಕೊಡಬೇಕು. (ವೀಸಾ ಡಬಲ್ ಎಂಟ್ರಿ ಮಾಡಿಸಿದ್ದೇವೆ, ಆ ಚಿಂತೆ ಬೇಡ.)

ಹೋಗಿ ಬಂದವರು ಹೇಳಿ: ಆ 1 ಗಂಟೆ 40 ನಿಮಿಷದಲ್ಲಿ ವಿಮಾನ ನೆಲದ ಮೇಲೆ ಓಡಾಡುವ ಸಮಯವೂ ಸೇರಿದೆಯಾ? 1 ಗಂಟೆ 15 ನಿಮಿಷ ಸಾಕಾ, ಇಲ್ಲ ಮುಂದಿನ ಓಸ್ಲೋ ವಿಮಾನಕ್ಕೆ ಬದಲಾಯಿಸಲಾ?