ಹೊಸ ನಾಟಕಕ್ಕೆ ರಂಗವೂ ಹಣವೂ ಎಲ್ಲಿ?

ಪ್ರಶ್ನೆ (ದಾವಣಗೆರೆ): ಬರಗಾಲದಲ್ಲಿ ಕೊಳವೆಬಾವಿ ಕೊರೆಸುವ ಕುಟುಂಬದ ಕುರಿತು ನಾನು ಬರೆದ ನಾಟಕವನ್ನು ಮೂರು ತಂಡಗಳು ಮೆಚ್ಚಿದರೂ, ರಂಗಮಂದಿರದ ಬಾಡಿಗೆ, ಬೆಳಕು, ತಾಲೀಮಿನ ಖರ್ಚು ಯಾರದೆಂಬಲ್ಲಿಗೆ ಮಾತು ನಿಲ್ಲುತ್ತಿದೆ. ದಾರಿ ತಿಳಿಸುವಿರಾ?

ಉತ್ತರ (ಚಿತ್ರದುರ್ಗ): ಸರ್, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯಕ್ಕೆ ನೋಂದಾಯಿತ ಸಂಸ್ಥೆಯ ಮೂಲಕ ಅರ್ಜಿ ಹಾಕಿ, ಆದರೆ ಅದನ್ನೇ ನಂಬಿ ಸಾಲ ಮಾಡಬೇಡಿ. ನಾವು ಹಾಗೆ ಮಾಡಿ, ನಟರಿಗೆ ಬಸ್ ಚಾರ್ಜನ್ನೂ ಕೊಡಲಾಗದೆ ನೊಂದಿದ್ದೇವೆ.

ಉತ್ತರ (ಹೊಸದುರ್ಗ): 1997ರಲ್ಲಿ ಆರಂಭವಾದ ಸಾಣೇಹಳ್ಳಿಯ ಶಿವಸಂಚಾರ ಎಂಬ ತಿರುಗಾಟದ ನಾಟಕ ತಂಡ ವರ್ಷಕ್ಕೆ ಮೂರು ನಾಟಕಗಳನ್ನು ಸಿದ್ಧಪಡಿಸಿ ನಾಡಿನುದ್ದಕ್ಕೂ ಒಯ್ಯುವುದರಿಂದ, ಒಂದೇ ಸಿದ್ಧತೆ ಹಲವು ಊರುಗಳಿಗೆ ಒದಗುತ್ತದೆ. ನೀವೂ ಮೊದಲು ಶಾಲೆಯ ಅಂಗಳದಲ್ಲಿ ವಾಚನ ನಡೆಸಿ, ಪಾತ್ರಗಳನ್ನು ಕಡಿಮೆ ಮಾಡಿ, ಒಂದು ಟೆಂಪೊದಲ್ಲಿ ಹಿಡಿಸುವಷ್ಟೇ ರಂಗಸಜ್ಜಿಕೆ ಇಟ್ಟುಕೊಳ್ಳಿ. ಈ ವಸ್ತು ನಮ್ಮ ಸೀಮೆಗೆ ಬೇಕೇ ಬೇಕು.

ಪ್ರಶ್ನೆ ಕೇಳಿದವರು: ಹನ್ನೊಂದು ಪಾತ್ರಗಳಿವೆ, ಬ್ಯಾಂಕಿನ ಅಧಿಕಾರಿಯನ್ನು ಬಿಡಬಹುದು, ಅಜ್ಜಿಯನ್ನು ಬಿಡಲಾರೆ.